ಜೀವದಿಂದ ಜವಕ್ಕೆ: ‘ಕ್ವಿಕ್’ ಎಂಬ ಮಾತಿನ ವಿಚಾರ



ಇಂಗ್ಲಿಷ್ ಭಾಷೆಯನ್ನು ಕಲಿಯತೊಡಗಿದ ನಮ್ಮ ಮಕ್ಕಳಿಗೆ ಮೊದಮೊದಲಲ್ಲಿಯೇ ಪರಿಚಿತವಾಗುವ ಪುಟ್ಟ ಮಾತುಗಳಲ್ಲಿ ‘ಕ್ವಿಕ್’ ಎಂಬುದೂ ಒಂದು. ‘ಬೇಗನೆ’, ‘ಶೀಘ್ರವಾದ’ ಎಂದು ಉಪಾಧ್ಯಾಯರು ಅದಕ್ಕೆ ಅರ್ಥವನ್ನು ಹೇಳಿಕೊಡುತ್ತಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಕವಾಯತಿನ ಮೈದಾನದಲ್ಲಿ ‘ಕ್ವಿಕ್ ಮಾರ್ಚ್’ ಎಂಬ ಆಜ್ಞೆಯನ್ನು ಕೇಳಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಾರೆ. ಅಲ್ಲಿಗೆ ಆ ಮಾತಿನ ವಿಚಾರವೆಲ್ಲ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಸಾವಿರದ ನೂರು ವರ್ಷಗಳಷ್ಟು ಹಿಂದೆ, ಆಲ್ಫ್ರೆಡ್ ದೊರೆಯು ಇಂಗ್ಲೆಂಡಿನ ಒಂದು ಭಾಗವನ್ನು ಆಳುತ್ತಿದ್ದ ಕಾಲದಲ್ಲಿ, ಅಲ್ಲಿಯ ರೈತನೂ ಯೋಧನೂ ಪಾದ್ರಿಯೂ ಈ ಮಾತನ್ನು ಆಡುತ್ತಿದ್ದಾಗ ಅವರ ಮನಸ್ಸಿನಲ್ಲಿ ಇದ್ದದ್ದು ವೇಗವಲ್ಲ. ‘ಕ್ವಿಕ್’ ಎಂದರೆ ಅವರಿಗೆ ಜೀವಂತವಾದದ್ದು, ಉಸಿರಾಡುವಂಥದು, ಸಾಯದೆ ಉಳಿದಿರುವಂಥದು. ಹಟ್ಟಿಯಲ್ಲಿ ಕಟ್ಟಿದ ದನ ‘ಕ್ವಿಕ್’. ರಣರಂಗದಿಂದ ಬದುಕಿ ಬಂದವನು ‘ಕ್ವಿಕ್’. ಬೇಲಿಯಲ್ಲಿ ನೆಟ್ಟು ಚಿಗುರಿದ ಗಿಡವೂ ‘ಕ್ವಿಕ್’. ಓಟಕ್ಕೂ ಅವಸರಕ್ಕೂ ಆಗ ಅವರು ಬೇರೆ ಮಾತುಗಳನ್ನು ಬಳಸುತ್ತಿದ್ದರು.

ಆ ಕಾಲದಲ್ಲಿ ಈ ಪದದ ಬರವಣಿಗೆಯೂ ಬೇರೆಯಾಗಿದ್ದಿತು. ಇಂದಿನಂತೆ ‘ಕ್ಯೂ’ ಎಂಬ ಅಕ್ಷರದಿಂದಲ್ಲದೆ ‘ಸಿ’, ‘ಡಬ್ಲ್ಯು’ ಎಂಬ ಎರಡು ಅಕ್ಷರಗಳಿಂದ ಅದನ್ನು ಆರಂಭಿಸುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ, ಫ್ರೆಂಚ್ ಬರವಣಿಗೆಯ ರೂಢಿಯಿದ್ದ ಲಿಪಿಕಾರರು ತಮ್ಮ ಪದ್ಧತಿಯನ್ನು ಇಂಗ್ಲಿಷಿನ ಮೇಲೂ ಹೇರಿದರಾದುದರಿಂದ, ‘ಕ್ವೀನ್’ ಮೊದಲಾದ ಮಾತುಗಳೊಡನೆ ಇದೂ ಹೊಸ ವೇಷವನ್ನು ತೊಟ್ಟಿತು. ವೇಷ ಬದಲಾದರೂ ಅರ್ಥ ಮಾತ್ರ ಬಹುಕಾಲ ಬದಲಾಗಲಿಲ್ಲ. ಕ್ರೈಸ್ತರ ವಿಶ್ವಾಸಪ್ರಮಾಣದಲ್ಲಿ, ಅಂತ್ಯಕಾಲದಲ್ಲಿ ಪ್ರಭುವು ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುವನೆಂಬ ಮಾತು ಬರುತ್ತದಷ್ಟೆ. ಇಂಗ್ಲೆಂಡಿನ ಪ್ರಾರ್ಥನಾಗ್ರಂಥದಲ್ಲಿ ಆ ‘ಬದುಕಿರುವವರು’ ಎಂಬಲ್ಲಿ ಇರುವುದು ಈ ‘ಕ್ವಿಕ್’ ಶಬ್ದವೇ. 1611ರಲ್ಲಿ ಪ್ರಕಟವಾದ ಜೇಮ್ಸ್ ದೊರೆಯ ಕಾಲದ ಬೈಬಲಿನಲ್ಲಿ, ಮೋಶೆಗೆ ಎದುರುಬಿದ್ದ ಕೋರಹ ಮೊದಲಾದವರನ್ನು ಭೂಮಿಯು ಬಾಯ್ದೆರೆದು ನುಂಗಿದ ಕಥೆ ಇದೆ. ಅವರು ಪಾತಾಳಕ್ಕೆ ‘ಕ್ವಿಕ್’ ಆಗಿ ಇಳಿಯುವ ಮಾತು ಅಲ್ಲಿ ಬರುತ್ತದೆ. ಇಂದಿನ ಓದುಗನು ಅದನ್ನು ‘ಬೇಗನೆ ಇಳಿದುಹೋದರು’ ಎಂದು ತಿಳಿದಾನು. ಗ್ರಂಥದ ಅಭಿಪ್ರಾಯವಾದರೋ ಅದಕ್ಕಿಂತ ಭಯಂಕರವಾದುದು: ಅವರು ಜೀವಸಹಿತವಾಗಿ ಇಳಿದರು. ಒಂದು ಮಾತಿನ ಹಳೆಯ ಅರ್ಥವನ್ನು ಅರಿಯದವನಿಗೆ ಆ ಕಥೆಯ ಘೋರತೆಯೇ ಕೈತಪ್ಪಿಹೋಗುತ್ತದೆ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಐದನೆಯ ಅಂಕದಲ್ಲಿ ರಾಜಕುಮಾರನಿಗೂ ಗೋರಿ ತೋಡುವವನಿಗೂ ನಡೆಯುವ ಮಾತಿನ ಚಕಮಕಿಯಲ್ಲಿಯೂ ಇದೇ ಶಬ್ದವು ಒಮ್ಮೆ ಬದುಕಿರುವವನೆಂದೂ ಒಮ್ಮೆ ಚುರುಕಾದದ್ದೆಂದೂ ಎರಡು ಅರ್ಥಗಳ ನಡುವೆ ಹೊಯ್ದಾಡುತ್ತದೆ. ಸುಮಾರು 1600ರ ಹೊತ್ತಿಗೆ ಲಂಡನ್ನಿನ ಪ್ರೇಕ್ಷಕರು ಆ ಎರಡು ಅರ್ಥಗಳನ್ನೂ ಒಟ್ಟಿಗೆ ಹಿಡಿಯಬಲ್ಲವರಾಗಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಈ ಶಬ್ದದ ವಂಶವನ್ನು ಇನ್ನೂ ಹಿಂದಕ್ಕೆ ಅರಸಿಕೊಂಡು ಹೋದರೆ ನಮಗೆ ಎದುರಾಗುವುದು ನಮ್ಮದೇ ಮನೆಯ ಮಾತು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸಾರಿದುದೂ, ಜರ್ಮನಿಯ ಯಾಕೋಬ್ ಗ್ರಿಮ್ಮನು 1822ರಲ್ಲಿ ಜರ್ಮಾನಿಕ್ ಭಾಷೆಗಳ ವ್ಯಂಜನಗಳು ಆ ಮೂಲದಿಂದ ಯಾವ ಕ್ರಮದಲ್ಲಿ ಮಾರ್ಪಟ್ಟುವೆಂಬುದನ್ನು ನಿಯಮಬದ್ಧವಾಗಿ ತೋರಿಸಿಕೊಟ್ಟುದೂ ಭಾಷಾಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿಗಳು. ಆ ನಿಯಮಗಳಲ್ಲಿ ಒಂದರ ಪ್ರಕಾರ, ಸಂಸ್ಕೃತದಲ್ಲಿ ಗಕಾರವೋ ಜಕಾರವೋ ಇರುವ ಕಡೆ ಇಂಗ್ಲಿಷಿನಲ್ಲಿ ಕಕಾರವು ಬರುತ್ತದೆ. ನಮ್ಮ ‘ಗೋ’ ಅವರಲ್ಲಿ ‘ಕೌ’. ನಮ್ಮ ‘ಗಮನ’ದ ಧಾತು ಅವರಲ್ಲಿ ‘ಕಮ್’. ವೇದಗಳಲ್ಲಿ ಸ್ತ್ರೀಯೆಂಬ ಅರ್ಥದಲ್ಲಿ ಬರುವ ‘ಜನಿ’ ಅವರ ‘ಕ್ವೀನ್’. ‘ಜಾನು’ ಎಂಬ ಮೊಣಕಾಲಿನ ಹೆಸರಿಗೆ ಸರಿಯಾದುದು ಅವರ ‘ನೀ’ ಎಂಬ ಮಾತು. ಇಂದು ಉಚ್ಚಾರಣೆಯಲ್ಲಿ ಇಲ್ಲದಿದ್ದರೂ ಆ ‘ನೀ’ ಎಂಬುದರ ಬರವಣಿಗೆಯಲ್ಲಿ ‘ಕೆ’ ಅಕ್ಷರ ಇನ್ನೂ ನಿಂತಿರುವುದನ್ನು ನೀವು ಬಲ್ಲಿರಿ. ‘ಜ್ಞಾನ’ಕ್ಕೆ ಸೋದರನಾದ ‘ನೋ’ ಎಂಬ ಕ್ರಿಯಾಪದದಲ್ಲಿಯೂ ಅದೇ ಮೂಕ ಕಕಾರವುಂಟು. ಈ ಸಾಲಿನಲ್ಲಿಯೇ ನಿಲ್ಲತಕ್ಕದ್ದು ‘ಕ್ವಿಕ್’. ಅದಕ್ಕೆ ಸರಿಜೋಡಿಯಾದ ಸಂಸ್ಕೃತ ಶಬ್ದ ಯಾವುದೆಂದರೆ, ನಾವು ದಿನಕ್ಕೆ ಹತ್ತಾರು ಸಲ ಉಚ್ಚರಿಸುವ ‘ಜೀವ’. ಲ್ಯಾಟಿನ್ನಿನ ‘ವೀವುಸ್’, ಗ್ರೀಕಿನ ‘ಬಿಯೋಸ್’ ಇವೂ ಅದೇ ಕುಲದವು. ಆದ್ದರಿಂದ ಶಾಲೆಯ ‘ಬಯಾಲಜಿ’, ಔಷಧದಂಗಡಿಯ ‘ವಿಟಮಿನ್’, ನಮ್ಮ ‘ಚಿರಂಜೀವಿ’, ಅವರ ‘ಕ್ವಿಕ್’ ಇವೆಲ್ಲ ದಾಯಾದಿಗಳು. ಸಹಸ್ರಾರು ಮೈಲಿಗಳ ಅಂತರದಲ್ಲಿ, ಸಹಸ್ರಾರು ವರ್ಷಗಳ ಅಗಲಿಕೆಯ ಅನಂತರವೂ, ಎರಡು ಜನಾಂಗಗಳ ಬಾಯಲ್ಲಿ ಜೀವವೆಂಬ ಮಾತು ಸಾಯದೆ ಉಳಿದುಕೊಂಡು ಬಂದಿರುವುದನ್ನು ನೆನೆದಾಗ ನನಗೆ ಆಗುವ ಸಂತೋಷವನ್ನು ನಿಮ್ಮ ಮುಂದೆ ಮುಚ್ಚಿಡಲಾರೆ.

ಹಳೆಯ ಅರ್ಥ ಇಂಗ್ಲಿಷಿನಲ್ಲಿ ಇಂದು ಪೂರ್ಣವಾಗಿ ಅಳಿದಿದೆಯೆ ಎಂದರೆ, ಇಲ್ಲ. ಸ್ವತಂತ್ರವಾಗಿ ನಿಲ್ಲಲಾರದೆ, ಸಮಸ್ತಪದಗಳ ಒಳಗೆ ಅದು ಮನೆ ಮಾಡಿಕೊಂಡಿದೆ. ಪಾದರಸಕ್ಕೆ ಇಂಗ್ಲಿಷರ ಹಳೆಯ ಹೆಸರು ‘ಕ್ವಿಕ್‌ಸಿಲ್ವರ್’. ಇದು ಶೀಘ್ರವಾದ ಬೆಳ್ಳಿಯಲ್ಲ, ಜೀವವುಳ್ಳ ಬೆಳ್ಳಿ. ಲ್ಯಾಟಿನ್ ಭಾಷೆಯವರು ಜೀವಂತ ರಜತವೆಂದು ಕರೆದುದನ್ನೇ ಅವರು ತಮ್ಮ ನುಡಿಗೆ ತಂದುಕೊಂಡರು. ಎಲ್ಲ ಲೋಹಗಳೂ ಇಟ್ಟಲ್ಲಿ ಇಟ್ಟಂತೆ ಇರುವಾಗ, ಇದೊಂದು ಮಾತ್ರ ಅಂಗೈಯಲ್ಲಿ ನಿಲ್ಲದೆ ಉರುಳಿ, ಹನಿಯಾಗಿ ಚೆದರಿ, ಮತ್ತೆ ಕೂಡಿಕೊಂಡು, ಪ್ರಾಣವಿರುವ ವಸ್ತುವಿನಂತೆ ವರ್ತಿಸುವುದನ್ನು ಕಂಡವರಿಗೆ ಬೇರೆ ಹೆಸರು ತೋರದಿದ್ದುದು ಸಹಜ. ನಮ್ಮ ಪೂರ್ವಿಕರೂ ಇದನ್ನೇ ಕಂಡರು. ಅಮರಸಿಂಹನು ತನ್ನ ಕೋಶದಲ್ಲಿ ಪಾರದಕ್ಕೆ ರಸ, ಸೂತ ಎಂಬ ಹೆಸರುಗಳೊಡನೆ ‘ಚಪಲ’ ಎಂಬ ಹೆಸರನ್ನೂ ಕೊಟ್ಟಿದ್ದಾನೆ. ಶೀಘ್ರವೆಂಬ ಅರ್ಥದ ಪರ್ಯಾಯಪದಗಳನ್ನು ಎಣಿಸುವ ಕಡೆ ಲಘು, ಕ್ಷಿಪ್ರ, ದ್ರುತ, ತೂರ್ಣ, ಆಶು ಎಂಬುವುಗಳ ಜೊತೆಯಲ್ಲಿ ಅದೇ ‘ಚಪಲ’ವನ್ನು ಮತ್ತೊಮ್ಮೆ ಹೇಳಿದ್ದಾನೆ. ಆ ಚಪಲವು ಕನ್ನಡದಲ್ಲಿ ಬಾಯಿಯ ಚಪಲವಾಗಿ ಬೇರೆ ದಾರಿ ಹಿಡಿಯಿತೆಂಬುದು ನಿಮಗೆ ತಿಳಿದೇ ಇದೆ.

ಸುಣ್ಣದ ವಿಚಾರವೂ ಹೀಗೆಯೇ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ದೊರೆಯುವ ಸುಟ್ಟ ಸುಣ್ಣಕ್ಕೆ ಅವರಲ್ಲಿ ‘ಕ್ವಿಕ್‌ಲೈಮ್’ ಎಂದು ಹೆಸರು. ನೋಡಲು ಅದು ನಿರ್ಜೀವವಾದ ಬಿಳಿಯ ಉಂಡೆ. ನೀರನ್ನು ಹನಿಸಿದೊಡನೆಯೇ ಬುಸುಗುಟ್ಟಿ, ಬಿಸಿಯೇರಿ, ಆವಿಯನ್ನು ಉಗುಳಿ, ಉಬ್ಬಿ ಬಿರಿಯುತ್ತದೆ. ಒಳಗೆ ಅಡಗಿದ್ದ ಜೀವ ಎದ್ದಿತೆಂದು ಅವರಿಗೆ ತೋರಿತು; ನೀರುಂಡ ಮೇಲೆ ಅದನ್ನು ಬಾಯಾರಿಕೆ ತಣಿದ ಸುಣ್ಣವೆಂಬ ಅರ್ಥದಲ್ಲಿ ‘ಸ್ಲೇಕ್ಡ್ ಲೈಮ್’ ಎಂದು ಕರೆದರು. ನಮ್ಮ ಗಾರೆಯ ಕೆಲಸದವರು ಅದೇ ಕ್ರಿಯೆಯನ್ನು ಸುಣ್ಣ ಅರಳಿಸುವುದು ಎನ್ನುತ್ತಾರೆ. ಒಬ್ಬರಿಗೆ ದಾಹವಾಗಿ ತೋರಿದುದು ಮತ್ತೊಬ್ಬರಿಗೆ ಹೂವಾಗಿ ತೋರಿತು, ಎರಡೂ ಸುಂದರವೇ, ಆದರೆ ಕುದಿಯುವ ಸುಣ್ಣದಲ್ಲಿ ಹೂವನ್ನು ಕಂಡ ನಮ್ಮ ಕೆಲಸಗಾರನ ಕಣ್ಣಿಗೇ ನಾನು ಹೆಚ್ಚಿನ ಮರ್ಯಾದೆಯನ್ನು ಸಲ್ಲಿಸುತ್ತೇನೆ.

ಕಾಲಿಟ್ಟವರನ್ನು ಒಳಕ್ಕೆ ಎಳೆದುಕೊಳ್ಳುವ ಹುದುಲು ಮರಳು ‘ಕ್ವಿಕ್‌ಸ್ಯಾಂಡ್’. ಒಣಮುಳ್ಳಿನಿಂದಲ್ಲದೆ ಹಸಿ ಗಿಡಗಳನ್ನು ನೆಟ್ಟು ಬೆಳೆಸಿದ ಬೇಲಿ ‘ಕ್ವಿಕ್‌ಸೆಟ್’. ಇಂಗ್ಲೆಂಡಿನ ಹೊಲಗಳಲ್ಲಿ ಒಂದು ಹಟಮಾರಿ ಹುಲ್ಲು ಉಂಟು. ಅದರ ಬೇರನ್ನು ಎಷ್ಟು ತುಂಡು ಮಾಡಿದರೂ ಪ್ರತಿಯೊಂದು ತುಂಡೂ ಹೊಸದಾಗಿ ಚಿಗುರುತ್ತದೆ. ಅದನ್ನು ‘ಕ್ವಿಚ್’ ಹುಲ್ಲು ಎಂದು ಕರೆಯುತ್ತಾರೆ. ಕ್ವಿಕ್ ಎಂಬುದರ ರೂಪಾಂತರವೇ ಅದು. ನಮ್ಮ ಗರಿಕೆಯನ್ನು ಗುದ್ದಲಿಯಿಂದ ಅಗೆದು ಸಾಕಾದ ರೈತನಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ.

ಈ ಹಳೆಯ ಅರ್ಥದ ಅತ್ಯಂತ ಗಂಭೀರವಾದ ಉಪಯೋಗವು ಸಾಹಿತ್ಯದಲ್ಲಿಯೂ ಇಲ್ಲ, ಹೊಲದಲ್ಲಿಯೂ ಇಲ್ಲ. ಅದು ಇರುವುದು ನ್ಯಾಯಶಾಸ್ತ್ರದಲ್ಲಿ. ಗರ್ಭಿಣಿಗೆ ತನ್ನ ಒಡಲಿನ ಶಿಶುವಿನ ಚಲನೆ ಮೊದಲ ಬಾರಿಗೆ ಅನುಭವಕ್ಕೆ ಬರುವ ಘಳಿಗೆಯನ್ನು ಇಂಗ್ಲಿಷಿನಲ್ಲಿ ‘ಕ್ವಿಕನಿಂಗ್’ ಎನ್ನುತ್ತಾರೆ. ಚೊಚ್ಚಲ ಬಸುರಿಯಲ್ಲಿ ಇದು ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತನೆಯ ವಾರದ ಹೊತ್ತಿಗೂ, ಹಿಂದೆ ಹೆತ್ತವಳಲ್ಲಿ ಒಂದೆರಡು ವಾರ ಮುಂಚಿತವಾಗಿಯೂ ತೋರಿಬರುತ್ತದೆ. ಒಳಗಿನದು ಬರಿಯ ಪಿಂಡವಲ್ಲ, ಜೀವ, ಎಂಬುದಕ್ಕೆ ಹಿಂದಿನವರಿಗೆ ಇದ್ದ ಪ್ರಮಾಣ ಇದೊಂದೇ. ಆ ಪ್ರಮಾಣಕ್ಕೆ ಸಾಕ್ಷಿಯೂ ತಾಯಿಯೊಬ್ಬಳೇ. ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಗರ್ಭಿಣಿಯೆಂದು ಹೇಳಿಕೊಂಡರೆ, ಅನುಭವಸ್ಥರಾದ ಸ್ತ್ರೀಯರ ಒಂದು ಪಂಚಾಯಿತಿ ಅವಳನ್ನು ಪರೀಕ್ಷಿಸಿ, ಗರ್ಭಸ್ಥ ಶಿಶು ‘ಕ್ವಿಕ್’ ಆಗಿದೆಯೆ ಎಂಬುದನ್ನು ನ್ಯಾಯಾಧೀಶರಿಗೆ ತಿಳಿಸುವ ಪದ್ಧತಿ ಶತಮಾನಗಳ ಕಾಲ ನಡೆದುಕೊಂಡು ಬಂದಿತು. ಆಗಿದೆಯೆಂದು ಅವರು ಹೇಳಿದರೆ ಹೆರಿಗೆಯಾಗುವತನಕ ದಂಡನೆ ನಿಲ್ಲುತ್ತಿದ್ದಿತು. ಆ ಪಂಚಾಯಿತಿಯನ್ನು ರದ್ದುಮಾಡಿದ್ದು 1931ರಲ್ಲಿ. ಗರ್ಭಪಾತವನ್ನು ಕುರಿತು ಅಲ್ಲಿಯ ಪಾರ್ಲಿಮೆಂಟು 1803ರಲ್ಲಿ ಮಾಡಿದ ಶಾಸನವು, ಶಿಶುವಿನ ಚಲನೆ ತೋರುವುದಕ್ಕೆ ಹಿಂದಿನ ಅಪರಾಧಕ್ಕೂ ಅನಂತರದ ಅಪರಾಧಕ್ಕೂ ಬೇರೆ ಬೇರೆ ಶಿಕ್ಷೆಗಳನ್ನು ವಿಧಿಸಿದ್ದಿತು; 1837ರ ಶಾಸನವು ಈ ಭೇದವನ್ನು ತೆಗೆದುಹಾಕಿತು.

ಇಂಗ್ಲೆಂಡು ತೊರೆದ ಆ ಭೇದವು ಇಂಡಿಯಾದಲ್ಲಿ ಬೇರೂರಿತು. 1860ರ ಭಾರತ ದಂಡ ಸಂಹಿತೆಯ 312ನೆಯ ಪ್ರಕರಣದಲ್ಲಿ, ತಾಯಿಯ ಪ್ರಾಣವನ್ನು ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸಿದವನಿಗೆ ಮೂರು ವರ್ಷಗಳವರೆಗಿನ ಸೆರೆವಾಸವೆಂದೂ, ಹೆಂಗಸು ‘ಕ್ವಿಕ್ ವಿತ್ ಚೈಲ್ಡ್’ ಆಗಿದ್ದ ಪಕ್ಷದಲ್ಲಿ ಏಳು ವರ್ಷಗಳವರೆಗಿನ ಸೆರೆವಾಸವೆಂದೂ ಬರೆಯಲಾಯಿತು. 316ನೆಯ ಪ್ರಕರಣವು ಇನ್ನೂ ಹುಟ್ಟದ ‘ಕ್ವಿಕ್’ ಶಿಶುವಿನ ಮರಣಕ್ಕೆ ಕಾರಣರಾದವರನ್ನು ಕುರಿತದ್ದು. ಆ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, 88 ಮತ್ತು 92ನೆಯ ಪ್ರಕರಣಗಳಲ್ಲಿ, ಇವೇ ಮಾತುಗಳು ಹಾಗೆಯೇ ಉಳಿದುಕೊಂಡಿವೆ. ನಡುವೆ 1971ರಲ್ಲಿ ಬಂದ ವೈದ್ಯಕೀಯ ಗರ್ಭಪಾತದ ಶಾಸನವು ತಾಯಿಯ ಅನುಭವವನ್ನಲ್ಲದೆ ವಾರಗಳ ಲೆಕ್ಕವನ್ನು ಪ್ರಮಾಣವಾಗಿ ಹಿಡಿಯಿತು. ಹೀಗೆ ಒಂದೇ ದೇಶದ ಶಾಸನಗಳಲ್ಲಿ ಒಂದು ಕಡೆ ಪಂಚಾಂಗದ ಎಣಿಕೆಯೂ, ಮತ್ತೊಂದು ಕಡೆ ಸಾವಿರ ವರ್ಷ ಹಳೆಯದಾದ ಒಂದು ಆಂಗ್ಲ ಶಬ್ದವೂ ಜೊತೆಯಾಗಿ ನಡೆಯುತ್ತಿವೆ. ಕಾನೂನನ್ನು ಓದುವ ತರುಣರು ‘ಕ್ವಿಕ್ ವಿತ್ ಚೈಲ್ಡ್’ ಎಂಬುದನ್ನು ಕಂಡು, ಇಲ್ಲಿ ಶೀಘ್ರತೆಯ ಪ್ರಸ್ತಾಪವೇಕೆಂದು ತೊಡಕಿಗೆ ಸಿಕ್ಕಿದರೆ ಆಶ್ಚರ್ಯವಿಲ್ಲ. ಮನುಷ್ಯರ ಸ್ವಾತಂತ್ರ್ಯಕ್ಕೂ ಹೆಂಗಸರ ಮಾನಪ್ರಾಣಗಳಿಗೂ ಸಂಬಂಧಿಸಿದ ಕಡೆ, ಬಹುಮಂದಿ ಓದುಗರಿಗೆ ಅರ್ಥವಾಗದಿರುವ ಶಬ್ದವೊಂದನ್ನು ಹೊಸ ಸಂಹಿತೆಯಲ್ಲಿಯೂ ಹಾಗೆಯೇ ಉಳಿಸಿಕೊಂಡದ್ದು ಸರಿಯಾಗಲಿಲ್ಲವೆಂದು ನನಗೆ ತೋರುತ್ತದೆ. ಹಳೆಯ ಮಾತುಗಳ ಮೇಲೆ ನನಗಿರುವ ಪ್ರೀತಿ ಶಾಸನದ ಸ್ಪಷ್ಟತೆಗೆ ಅಡ್ಡ ಬರಬಾರದು.

ಇನ್ನೊಂದು ಉಪಯೋಗವನ್ನು ಸಂಗ್ರಹವಾಗಿ ಹೇಳಿ ಮುಂದುವರಿಯುತ್ತೇನೆ. ಉಗುರಿನ ಕೆಳಗಿರುವ, ಮುಟ್ಟಿದರೆ ನೋಯುವ ಹಸಿಮಾಂಸಕ್ಕೂ ಇಂಗ್ಲಿಷಿನಲ್ಲಿ ‘ಕ್ವಿಕ್’ ಎಂದೇ ಹೆಸರು. ಯಾರದಾದರೂ ಕಟುವಾದ ಮಾತು ಮನಸ್ಸಿಗೆ ನಾಟಿದಾಗ, ಆ ‘ಕ್ವಿಕ್’ ತನಕ ಕೊಯ್ದಿತು ಎನ್ನುತ್ತಾರೆ. ನಾವು ಇಂಥ ಸಂದರ್ಭದಲ್ಲಿ ಮರ್ಮಕ್ಕೆ ತಾಗಿತು ಎನ್ನುತ್ತೇವೆ. ಮರ್ಮವೆಂಬ ಶಬ್ದವನ್ನು ನಮ್ಮ ಶಾಸ್ತ್ರಕಾರರು ಸಾಯುವುದೆಂಬ ಅರ್ಥದ ‘ಮೃ’ ಧಾತುವಿನಿಂದ ಸಾಧಿಸುತ್ತಾರೆ. ಪೆಟ್ಟು ಬಿದ್ದರೆ ಸಾವು ಬರಬಹುದಾದ ಸ್ಥಾನವೇ ಮರ್ಮ. ಸುಶ್ರುತನು ಅಂಥವನ್ನು ನೂರ ಏಳೆಂದು ಎಣಿಸಿದ್ದಾನೆ. ನೋವಿನ ನೆಲೆಯನ್ನು ಅವರು ಜೀವದ ಕಡೆಯಿಂದ ಗುರುತಿಸಿದರು, ನಾವು ಸಾವಿನ ಕಡೆಯಿಂದ ಗುರುತಿಸಿದೆವು. ಸ್ಥಾನ ಮಾತ್ರ ಒಂದೇ.

ಜೀವಂತವೆಂಬ ಅರ್ಥದಿಂದ ಶೀಘ್ರವೆಂಬ ಅರ್ಥಕ್ಕೆ ಈ ಶಬ್ದ ಹೇಗೆ ಬಂದಿತೆಂಬ ಪ್ರಶ್ನೆ ಈಗ ಉಳಿದಿದೆ. ದಾರಿ ಕಷ್ಟದ್ದಲ್ಲ. ಜೀವವುಳ್ಳದ್ದು ಚಲಿಸುತ್ತದೆ, ಜೀವಕಳೆ ಹೆಚ್ಚಾಗಿರುವುದು ಹೆಚ್ಚು ಚಟುವಟಿಕೆಯಿಂದ ಚಲಿಸುತ್ತದೆ, ಹೀಗೆ ಜೀವಂತವೆಂಬುದು ಸಚೇತನವೆಂದೂ, ಸಚೇತನವು ಚುರುಕೆಂದೂ, ಚುರುಕು ಶೀಘ್ರವೆಂದೂ ಮೆಲ್ಲಮೆಲ್ಲನೆ ಜರುಗಿ, 1300ರ ಸುಮಾರಿನಿಂದ ಈಚೆಗೆ ವೇಗದ ಅರ್ಥ ನೆಲೆಗೊಳ್ಳುತ್ತ ಬಂದಿತು. ಅದೇ ಕಾಲದಲ್ಲಿ ‘ಅಲೈವ್’, ‘ಲಿವಿಂಗ್’ ಎಂಬ ಮಾತುಗಳು ಬದುಕಿನ ಅರ್ಥವನ್ನು ವಹಿಸಿಕೊಂಡುದರಿಂದ, ಇದಕ್ಕೆ ಹಳೆಯ ಹೊರೆಯನ್ನು ಇಳಿಸಿ ಹೊಸ ದಾರಿ ಹಿಡಿಯುವುದು ಸುಲಭವಾಯಿತು. ಈ ಜರುಗುವಿಕೆ ಆಕಸ್ಮಿಕವಲ್ಲವೆಂಬುದಕ್ಕೆ ಇಂಗ್ಲಿಷಿನಲ್ಲಿಯೇ ಇನ್ನೊಂದು ನಿದರ್ಶನವುಂಟು: ಕೆಲಸದಲ್ಲಿ ನಿಧಾನ ಮಾಡುವವನನ್ನು ಎಚ್ಚರಿಸುವಾಗ ಅವರು ‘ಲುಕ್ ಅಲೈವ್’ ಎನ್ನುತ್ತಾರೆ; ಬದುಕಿರುವವನಂತೆ ಕಾಣು ಎಂದು ಅಕ್ಷರಾರ್ಥ, ಬೇಗ ಬೇಗ ಮಾಡು ಎಂದು ಭಾವಾರ್ಥ. ನಮ್ಮ ಮನೆಗಳಲ್ಲಿಯೂ ಕಾಲೆಳೆದುಕೊಂಡು ಬರುವ ಹುಡುಗನಿಗೆ ತಾಯಿ, ‘ಏನೋ, ಮೈಯಲ್ಲಿ ಜೀವ ಇಲ್ಲವೇನೋ?’ ಎಂದು ಗದರುವುದುಂಟಲ್ಲವೆ? ಯಾವ ಭಾಷಾಶಾಸ್ತ್ರಿಯೂ ಹೇಳಿಕೊಡದೆ ಆ ತಾಯಿ ಜೀವಕ್ಕೂ ಜವಕ್ಕೂ ಇರುವ ನಂಟನ್ನು ಅರಿತಿದ್ದಾಳೆ.

ವೇಗವನ್ನು ಹೇಳುವ ಇತರ ಆಂಗ್ಲ ಶಬ್ದಗಳೂ ಬೇರೆ ಬೇರೆ ಊರುಗಳಿಂದ ಬಂದವುಗಳೇ. ‘ಫಾಸ್ಟ್’ ಎಂಬುದರ ಮೂಲಾರ್ಥ ದೃಢ, ಅಚಲ. ಆದುದರಿಂದಲೇ ಗಾಢವಾದ ನಿದ್ರೆಯೂ, ಒಗೆದರೆ ಬಿಡದ ಬಣ್ಣವೂ ಇಂದಿಗೂ ಅವರಿಗೆ ‘ಫಾಸ್ಟ್’. ವ್ರತವನ್ನು ದೃಢವಾಗಿ ಹಿಡಿಯುವ ಉಪವಾಸವೂ ಅದೇ. ಹಿಡಿತ ಬಿಡದೆ, ಪಟ್ಟು ಸಡಿಲಿಸದೆ ಓಡುವುದು ಎಂಬ ಪ್ರಯೋಗದಿಂದ ಕ್ರಮೇಣ ಓಟದ ವೇಗವನ್ನೇ ಅದು ಹೇಳತೊಡಗಿತು. ‘ಸ್ಪೀಡ್’ ಎಂಬುದಕ್ಕೆ ಮೊದಲು ಅಭ್ಯುದಯ, ಕಾರ್ಯಸಿದ್ಧಿ ಎಂದು ಅರ್ಥ. ಪ್ರಯಾಣ ಹೊರಟವರಿಗೆ ‘ಗಾಡ್‌ಸ್ಪೀಡ್’ ಎಂದು ಹರಸಿದರೆ ದೇವರು ನಿನ್ನ ಕಾರ್ಯವನ್ನು ಕೈಗೂಡಿಸಲಿ ಎಂಬುದೇ ತಾತ್ಪರ್ಯವಾಗಿತ್ತು. ಅವಸರ ಹೆಚ್ಚಾದಷ್ಟೂ ‘ಸ್ಪೀಡ್’ ಕಡಿಮೆ ಎಂಬ ಅವರ ಗಾದೆಯಲ್ಲಿ ಈ ಹಳೆಯ ಅರ್ಥವನ್ನಿಟ್ಟು ನೋಡಿದರೆ ಗಾದೆಯ ತಿರುಳು ತಾನೇ ಬಿಚ್ಚಿಕೊಳ್ಳುತ್ತದೆ. ‘ಸೂನ್’ ಎಂಬುದು ಒಂದು ಕಾಲದಲ್ಲಿ ‘ಈ ಕ್ಷಣದಲ್ಲಿಯೇ’ ಎಂಬ ಅರ್ಥವನ್ನು ಕೊಡುತ್ತಿದ್ದು, ಜನರು ಮಾತು ಕೊಟ್ಟು ತಡಮಾಡುತ್ತ ಬಂದಂತೆಲ್ಲ ‘ಇನ್ನು ಸ್ವಲ್ಪ ಹೊತ್ತಿನಲ್ಲಿ’ ಎಂಬಲ್ಲಿಗೆ ಇಳಿಯಿತು. ನಮ್ಮವರು ಮನೆಯ ಹೊಸ್ತಿಲನ್ನೂ ದಾಟುವ ಮೊದಲೇ ‘ಇದೋ ಬಂದೆ’ ಎಂದು ಭೂತಕಾಲದಲ್ಲಿ ಉತ್ತರ ಕೊಡುವುದನ್ನು ಇದಕ್ಕೆ ಹೋಲಿಸಬಹುದು. ನಮ್ಮ ‘ಅವಸರ’ವೂ ಸಂಸ್ಕೃತದಲ್ಲಿ ಬರಿಯ ಸಂದರ್ಭ, ಸಮಯ, ‘ಆತುರ’ನೆಂದರೆ ಆಯುರ್ವೇದದ ಗ್ರಂಥಗಳಲ್ಲಿ ರೋಗಿ, ನೆರೆಯ ಮಲಯಾಳದವರು ಇಂದಿಗೂ ಆಸ್ಪತ್ರೆಯನ್ನು ಆತುರಾಲಯವೆನ್ನುತ್ತಾರೆ. ಕನ್ನಡಿಗರ ಬಾಯಲ್ಲಿ ಮಾತ್ರ ಆ ಎರಡೂ ತ್ವರೆಯ ಮಾತುಗಳಾದುವು.

ಇನ್ನು ಬಳಕೆಯ ವಿಚಾರ. ‘ಕ್ವಿಕ್’, ‘ಫಾಸ್ಟ್’ ಎಂಬ ಎರಡನ್ನೂ ನಾವು ಒಂದೇ ಎಂದು ತಿಳಿದು ಬಳಸುತ್ತೇವೆ. ಇಂಗ್ಲಿಷ್ ಬಲ್ಲವರ ಕಿವಿಗೆ ಅವು ಬೇರೆ. ಚಲನೆಯ ಪ್ರಮಾಣ, ಗಂಟೆಗೆ ಇಷ್ಟು ಮೈಲಿ ಎಂಬ ಲೆಕ್ಕ, ಮುಖ್ಯವಾದ ಕಡೆ ‘ಫಾಸ್ಟ್’. ಕೆಲಸವೊಂದು ಅಲ್ಪಕಾಲದಲ್ಲಿ ತೊಡಗಿ ಮುಗಿಯುವುದು ಮುಖ್ಯವಾದ ಕಡೆ ‘ಕ್ವಿಕ್’. ರೈಲುಗಾಡಿ ‘ಫಾಸ್ಟ್’, ಅದರ ಕಿಟಕಿಯಿಂದ ಹೊರಕ್ಕೆ ಹಾಯಿಸಿದ ಒಂದು ನೋಟ ‘ಕ್ವಿಕ್’. ಗಡಿಯಾರ ಮುಂದಿದ್ದರೆ ಅದು ‘ಫಾಸ್ಟ್’ ಆಗಿದೆ ಎನ್ನಬೇಕಲ್ಲದೆ ‘ಕ್ವಿಕ್’ ಆಗಿದೆ ಎನ್ನಬಾರದು. ಕಾಗದಕ್ಕೆ ಮರುಟಪಾಲಿನಲ್ಲಿಯೇ ಬಂದ ಉತ್ತರ ‘ಕ್ವಿಕ್’. ಬೇಗ ಮಾಡು ಎಂದು ಅವಸರಪಡಿಸುವಾಗಲೂ ‘ಬಿ ಕ್ವಿಕ್’ ಎನ್ನುವರೇ ಹೊರತು ‘ಬಿ ಫಾಸ್ಟ್’ ಎನ್ನುವುದಿಲ್ಲ. ಕ್ರಿಕೆಟ್ ಆಟದ ಪರಿಭಾಷೆಯಲ್ಲಿ ಈ ಭೇದ ಸೊಗಸಾಗಿ ಕಾಣುತ್ತದೆ. ದೂರದಿಂದ ಓಡಿಬಂದು ಚೆಂಡೆಸೆಯುವವನು ‘ಫಾಸ್ಟ್ ಬೌಲರ್’. ಕ್ಷೇತ್ರರಕ್ಷಕನು ಬಾಗಿ ಚೆಂಡನ್ನೆತ್ತುವಷ್ಟರಲ್ಲಿ ದಾಂಡಿಗರು ಕದ್ದ ಒಂದು ಓಟ ‘ಕ್ವಿಕ್ ಸಿಂಗಲ್’. ನಮ್ಮ ಬಿ. ಎಸ್. ಚಂದ್ರಶೇಖರರು ತಿರುಗುವ ಚೆಂಡುಗಳ ನಡುವೆ ಥಟ್ಟನೆ ರಭಸವಾಗಿ ಒಂದನ್ನು ಬಿಟ್ಟು ದಾಂಡಿಗರನ್ನು ಬೆಚ್ಚಿಬೀಳಿಸುತ್ತಿದ್ದುದು ಹಳಬರಿಗೆ ನೆನಪಿರಬೇಕು. ಸ್ಪಿನ್ನರನ ಅಂಥ ಎಸೆತಕ್ಕೆ ಆಟದವರು ಕೊಡುವ ಹೆಸರು ‘ಕ್ವಿಕರ್ ಒನ್’. ಆದರೂ ಇದು ಮೀರಲಾಗದ ಕಟ್ಟಳೆಯಲ್ಲ. ವೇಗದ ಬೌಲರುಗಳನ್ನು ಒಟ್ಟಾಗಿ ‘ಕ್ವಿಕ್ಸ್’ ಎಂದು ಬರೆಯುವ ವರದಿಗಾರರೂ ಉಂಟು. ಬಳಕೆಯ ಹಳ್ಳ ಹರಿದ ಕಡೆಗೇ ದಾರಿ.

ಮನುಷ್ಯನ ಇಂದ್ರಿಯಗಳಿಗೂ ಬುದ್ಧಿಗೂ ಸಂಬಂಧಿಸಿದ ಪ್ರಯೋಗಗಳಲ್ಲಿ ಮಾತ್ರ ‘ಕ್ವಿಕ್’ ತನ್ನ ಸ್ಥಾನವನ್ನು ಇನ್ನಾರಿಗೂ ಬಿಟ್ಟುಕೊಟ್ಟಿಲ್ಲ. ಸೂಕ್ಷ್ಮವಾದ ಕಿವಿ, ಹರಿತವಾದ ಕಣ್ಣು, ಹೇಳಿದೊಡನೆ ಗ್ರಹಿಸುವ ಮಗು, ಮೂಗಿನ ತುದಿಯಲ್ಲಿಯೇ ಇರುವ ಕೋಪ, ಇವೆಲ್ಲ ‘ಕ್ವಿಕ್’. ಇಲ್ಲೆಲ್ಲ ಹಳೆಯ ಜೀವದ ಅರ್ಥವೇ ಒಳಗಿನಿಂದ ಮಿಡಿಯುತ್ತಿರುವುದನ್ನು ಗಮನಿಸಬೇಕು. ಮನುಷ್ಯನೊಬ್ಬನನ್ನು ‘ಫಾಸ್ಟ್’ ಎಂದರೆ, ಹಿಂದಿನ ಶತಮಾನಗಳ ಇಂಗ್ಲಿಷಿನಲ್ಲಿ ಅವನ ನಡತೆ ಅಂಕೆ ಮೀರಿದುದೆಂಬ ಅರ್ಥ ಬರುತ್ತಿತ್ತು; ‘ಕ್ವಿಕ್’ ಎಂದರೆ ಅದೊಂದು ಪ್ರಶಂಸೆ. ಕ್ರಿಯಾವಿಶೇಷಣವಾಗಿ ಬಳಸುವಾಗ ‘ಕ್ವಿಕ್ಲಿ’ ಎಂಬ ರೂಪ ಬರವಣಿಗೆಗೆ ಶಿಷ್ಟವಾದುದು. ‘ಕಮ್ ಕ್ವಿಕ್’ ಎಂಬಂಥ ಬಳಕೆ ಮಾತಿನಲ್ಲಿ ಹಳೆಯದು, ದೋಷವೆನ್ನುವುದಕ್ಕೆ ಕಾರಣವಿಲ್ಲ.

ಅನುವಾದದ ವಿಷಯದಲ್ಲಿ ನಾನು ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುವವರು ‘ಕ್ವಿಕ್’ ಕಂಡಲ್ಲೆಲ್ಲ ‘ವೇಗ’ ಎಂದೋ ‘ತ್ವರಿತ’ ಎಂದೋ ಹಾಕಿ ಮುಂದೆ ಸಾಗುತ್ತಾರೆ. ವೇಗವು ಭೌತಶಾಸ್ತ್ರದಲ್ಲಿ ಒಂದು ನಿಷ್ಕೃಷ್ಟ ಪರಿಮಾಣ. ನಮ್ಮ ಪಠ್ಯಪುಸ್ತಕಗಳಲ್ಲಿ ‘ಸ್ಪೀಡ್’ಗೆ ಜವವೆಂದೂ, ದಿಕ್ಕೂ ಸೇರಿದ ‘ವೆಲಾಸಿಟಿ’ಗೆ ವೇಗವೆಂದೂ ವಿಂಗಡಿಸಿದ್ದಾರೆ. ಈ ಜವ ಸಂಸ್ಕೃತದ್ದು, ಯಮನೆಂಬ ಹೆಸರಿನ ತದ್ಭವವಾಗಿ ನಮ್ಮ ಕಾವ್ಯಗಳಲ್ಲಿಯೂ ಜನಪದದ ಜವರಾಯನಲ್ಲಿಯೂ ಬರುವ ಜವ ಬೇರೆ, ಎರಡಕ್ಕೂ ನಂಟಿಲ್ಲ. ಮನುಷ್ಯನ ‘ಕ್ವಿಕ್’ಗೆ ಈ ಲೆಕ್ಕದ ಶಬ್ದಗಳು ಹೊಂದುವುದಿಲ್ಲ. ಅದಕ್ಕೆ ಸರಿಯಾಗಿ ಒಪ್ಪುವ ಅಚ್ಚಗನ್ನಡ ಮಾತು ನಮ್ಮಲ್ಲಿ ಆಗಲೇ ಇದೆ, ಅದು ‘ಚುರುಕು’. ಕಿವಿ ಚುರುಕು, ಬುದ್ಧಿ ಚುರುಕು, ಕೈ ಚುರುಕು, ಹುಡುಗಿ ಚುರುಕು; ಬಿಸಿಲೂ ಚುರುಕು. ಸುಡುವ, ತಟ್ಟುವ, ಎಚ್ಚರಿಸುವ ಗುಣವೂ ಅದರಲ್ಲಿದೆ, ಶೀಘ್ರತೆಯೂ ಇದೆ. ‘ಕ್ವಿಕ್’ ಜೀವದಿಂದ ಹೊರಟು ಬಂದು ತಲಪಿದ ಸ್ಥಾನಕ್ಕೆ ನಮ್ಮ ‘ಚುರುಕು’ ಉರಿಯಿಂದ ಹೊರಟು ಬಂದಿದೆ. ಅಲ್ಲದೆ, ಕ್ರಿಯೆಯ ವೇಗವನ್ನು ಅದರ ಸದ್ದಿನಿಂದಲೇ ಹೇಳಿಬಿಡುವ ಅನುಕರಣ ಪದಗಳ ಸಂಪತ್ತು ಕನ್ನಡದಷ್ಟು ಇಂಗ್ಲಿಷಿಗಿಲ್ಲ. ಹಾವು ಸರ್ರನೆ ಹರಿಯುತ್ತದೆ, ಹಕ್ಕಿ ಭರ್ರನೆ ಹಾರುತ್ತದೆ, ಮಗು ದಡದಡ ಮೆಟ್ಟಿಲಿಳಿಯುತ್ತದೆ, ಹಸಿದವನು ಗಬಗಬ ತಿನ್ನುತ್ತಾನೆ, ಮಾತುಗಾರ ಪಟಪಟ ಆಡುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜನು ಅವ್ಯಯಗಳನ್ನು ಹೇಳುವಾಗ ಇಂಥ ಅನುಕರಣಗಳಿಗೆ ವ್ಯಾಕರಣದಲ್ಲಿ ಸ್ಥಾನವನ್ನು ಕೊಟ್ಟನು. ಧಾರವಾಡದ ಕಡೆಯವರ ‘ಲಗೂನ ಬಾ’ ಎಂಬುದರಲ್ಲಿ ಅಮರಕೋಶದ ‘ಲಘು’ ಇದೆ. ಎಲ್ಲರ ‘ಬೇಗ’ದಲ್ಲಿ ಸಂಸ್ಕೃತದ ‘ವೇಗ’ ಇದೆ. ಇಷ್ಟು ಬಗೆಯ ಮಾತುಗಳು ಕೈಯಳತೆಯಲ್ಲಿರುವಾಗ, ಎಲ್ಲವನ್ನೂ ‘ತ್ವರಿತಗತಿ’ಯೊಂದರಿಂದಲೇ ತೀರಿಸಿಕೊಳ್ಳುವುದು ಭಾಷೆಗೆ ಮಾಡುವ ಅನ್ಯಾಯ.

ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಸೋದರ ಸೋದರಿಯರಲ್ಲಿ ನನ್ನದೊಂದು ಪ್ರಾರ್ಥನೆ. ‘ಕ್ವಿಕ್’ ಎಂಬ ಪದವನ್ನು ಹಲಗೆಯ ಮೇಲೆ ಬರೆದ ದಿನ, ಅದರ ಪಕ್ಕದಲ್ಲಿ ‘ಜೀವ’ ಎಂದೂ, ಕೆಳಗೆ ‘ಕೌ’, ‘ಗೋ’ ಎಂದೂ ಬರೆದು ಎರಡು ನಿಮಿಷ ಮಕ್ಕಳೊಡನೆ ಮಾತನಾಡಿರಿ; ಅರ್ಥವನ್ನು ಕೇಳಿದಾಗ ‘ಬೇಗ’ದ ಜೊತೆಗೆ ‘ಚುರುಕು’ ಎಂಬುದನ್ನೂ ಹೇಳಿಕೊಡಿರಿ; ವೇಗವನ್ನು ಸೂಚಿಸುವ ತಮ್ಮ ತಮ್ಮ ಊರಿನ ಮಾತುಗಳನ್ನು ಮನೆಯಲ್ಲಿ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರುವಂತೆ ಅವರಿಗೆ ತಿಳಿಸಿರಿ.